ಬಿಳಿ ಬಿಡುವುದನ್ನು ಮೊದಲು ಕಲಿಸೋಣ
ಪ್ರೌಢಶಾಲೆಗಳ ಚಿತ್ರಕಲಾ ಶಿಕ್ಷಕರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಚಿತ್ರಕಲಾ ಶಿಕ್ಷಕ, ಶಿಕ್ಷಕಿಯರೇ,



ಮಕ್ಕಳ ಜಲವರ್ಣ ಸ್ಪರ್ಧೆಗಳಿಗೆ ತೀರ್ಪುಗಾರನಾಗಿ ಹೋದಾಗಲೆಲ್ಲ ಇತ್ತೀಚಿನ ವರ್ಷಗಳಲ್ಲಿ ಒಂದೇ ಬಗೆಯ ಹಾನಿ ಕಣ್ಣಿಗೆ ಬೀಳುತ್ತಿದೆ. ಬೆಟ್ಟ ಚೆನ್ನಾಗಿ ಬಂದಿರುತ್ತದೆ, ಆಕಾಶದ ವಾಶ್ ಇನ್ನೂ ಚೆನ್ನಾಗಿರುತ್ತದೆ. ಆದರೆ ನಡುವೆ ಜಲಪಾತವೋ ಬೆಳ್ಳಕ್ಕಿಯೋ ಇರಬೇಕಾದ ಕಡೆ ಕಾಗದದ ಮೇಲ್ಪದರ ಕಿತ್ತುಹೋಗಿ ನಾರು ಎದ್ದಿರುತ್ತದೆ. ಅದನ್ನು ಮುಚ್ಚಲು ಹಚ್ಚಿದ ಬಣ್ಣ ಆ ನಾರಿನೊಳಗೆ ಇಂಗಿ, ಒದ್ದೆ ಗೋಡೆಯ ಕಲೆ ಥರ ಹರಡಿಕೊಂಡಿರುತ್ತದೆ. "ಇಲ್ಲಿ ಏನಾಯ್ತು ಮರಿ?" ಅಂತ ಕೇಳಿದರೆ ಬರುವ ಉತ್ತರವೂ ಒಂದೇ: "ಮಾಸ್ಕಿಂಗ್ ಫ್ಲೂಯಿಡ್ ಹಾಕಿದ್ದೆ ಸರ್. ತೆಗೆಯುವಾಗ ಪೇಪರ್ ಕಿತ್ತು ಬಂತು."

ಮಗುವಿನ ತಪ್ಪೇನೂ ಇಲ್ಲ. ಬಿಳಿ ಉಳಿಯಬೇಕಾದ ಕಡೆ ಹಚ್ಚಿ ಆಮೇಲೆ ತೆಗೆಯುವ ಈ ರಬ್ಬರ್ ದ್ರವದ ಬಾಟಲಿ ಮನೆ ಬಾಗಿಲಿಗೆ ಬರುತ್ತದೆ, ಬಳಸುವ ರೀತಿ ಮೊಬೈಲಿನಲ್ಲಿ ಸಿಗುತ್ತದೆ. ಆ ವಿಡಿಯೊಗಳಲ್ಲಿ ನೋಡುಗರನ್ನು ಹಿಡಿದು ನಿಲ್ಲಿಸುವುದು ಕೊನೆಯ ಕೆಲವು ಸೆಕೆಂಡು: ಕಡುನೀಲಿ ವಾಶ್ ಒಣಗಿದ ಮೇಲೆ ಕಲಾವಿದರು ರಬ್ಬರ್ ಪದರವನ್ನು ಉಜ್ಜಿ ಎಳೆಯುತ್ತಾರೆ, ಅಡಿಯಿಂದ ಅಚ್ಚ ಬಿಳಿ ಹೊರಬರುತ್ತದೆ. ನನಗೂ ಆ ಕ್ಷಣ ಬಹಳ ಇಷ್ಟ. ಆದರೆ ಅವರು ಬಳಸಿದ ಕಾಗದ ಯಾವುದು, ರಬ್ಬರ್ ಎಷ್ಟು ಹೊತ್ತು ಅದರ ಮೇಲಿತ್ತು, ತೆಗೆದ ಮೇಲೆ ಆ ಬಿಳಿಯ ಅಂಚಿಗೆ ಏನು ಮಾಡಿದರು ಎಂಬುದನ್ನು ವಿಡಿಯೊ ಹೇಳುವುದಿಲ್ಲ. ಹೇಳಬೇಕಾದವರು ನೀವು. ನನ್ನ ಕೋರಿಕೆಯನ್ನು ಸುತ್ತುಬಳಸದೆ ಹೇಳಿಬಿಡುತ್ತೇನೆ. ಎಂಟು, ಒಂಬತ್ತನೆಯ ತರಗತಿಯ ಮಕ್ಕಳ ಸಾಮಗ್ರಿ ಪಟ್ಟಿಯಿಂದ ಮಾಸ್ಕಿಂಗ್ ಫ್ಲೂಯಿಡ್ ತೆಗೆದುಹಾಕಿ. ಮೊದಲು ಕಾಗದದ ಬಿಳಿಯನ್ನು ಕುಂಚದಿಂದಲೇ ಬಿಡುವುದನ್ನು ಕಲಿಸಿ. ಅದು ಕೈಗೆ ಬಂದ ಮಕ್ಕಳಿಗೆ ಮಾತ್ರ, ಒಳ್ಳೆಯ ಕಾಗದದ ಮೇಲೆ ಮಾತ್ರ, ಮಾಸ್ಕಿಂಗ್ ಕಲಿಸಿ. ಆಗ ಅರ್ಧಂಬರ್ಧ ಕಲಿಸಬೇಡಿ, ಪೂರ್ತಿ ಕಲಿಸಿ.

ಬಿಳಿ ಬಿಡುವ ಕಷ್ಟ ಎಲ್ಲಿಂದ ಶುರುವಾಗುತ್ತದೆ ಎಂದು ನಿಮಗೆ ಗೊತ್ತೇ ಇದೆ. ಏಳನೆಯ ತರಗತಿಯವರೆಗೂ ನಮ್ಮ ಮಕ್ಕಳು ಕ್ರೇಯಾನ್ ಬಿಟ್ಟರೆ ಪೋಸ್ಟರ್ ಕಲರ್ ಹಿಡಿದವರು. ಪೋಸ್ಟರ್ ಕಲರ್ ಅಪಾರದರ್ಶಕ. ಮೊದಲು ಹಸಿರು ಗದ್ದೆ ಬಳಿದು, ಒಣಗಿದ ಮೇಲೆ ಬಿಳಿ ಬಣ್ಣದಲ್ಲಿ ಕೊಕ್ಕರೆ ಕೂರಿಸಬಹುದು. ಹೊಳಪು, ಮೋಡ, ಹಲ್ಲು, ಹೂವು ಎಲ್ಲವೂ ಅಲ್ಲಿ ಕೊನೆಗೆ ಬರುವ ಕೆಲಸ. ಜಲವರ್ಣದಲ್ಲಿ ಈ ಕ್ರಮ ತಲೆಕೆಳಗು. ಇಲ್ಲಿ ಬೆಳಕು ತೆಳ್ಳನೆಯ ಬಣ್ಣದ ಪದರವನ್ನು ಹಾಯ್ದು ಕಾಗದಕ್ಕೆ ತಾಗಿ ಮರಳಿ ಕಣ್ಣಿಗೆ ಬರುತ್ತದೆ. ಕಾಗದವೇ ಬೆಳಕು. ಹಾಗಾಗಿ ಬಿಳಿ ಎಲ್ಲಿರಬೇಕು ಎಂಬ ತೀರ್ಮಾನವನ್ನು ಕುಂಚ ನೀರಿಗೆ ಅದ್ದುವ ಮೊದಲೇ ಮಾಡಬೇಕು. ಹದಿಮೂರು ವರ್ಷದ ಮಗುವಿಗೆ ಇದು ದೊಡ್ಡ ಬದಲಾವಣೆ. ಈ ಬದಲಾವಣೆ ಮನಸ್ಸಿನಲ್ಲಿ ಆಗುವ ಮೊದಲೇ ಕೈಗೆ ರಬ್ಬರ್ ಬಾಟಲಿ ಬಂದರೆ ಮಗು ಹಳೆಯ ಅಭ್ಯಾಸದಲ್ಲೇ ಉಳಿಯುತ್ತದೆ. ಬಿಳಿ ಬಣ್ಣದ ಟ್ಯೂಬಿನ ಜಾಗಕ್ಕೆ ರಬ್ಬರ್ ಬಂತು ಅಷ್ಟೇ, ನೋಡುವ ಕ್ರಮ ಬದಲಾಗಲಿಲ್ಲ.

ನೋಡುವ ಕ್ರಮ ಬದಲಾಗಲು ನಿಮ್ಮ ಶಾಲೆಯ ಅಂಗಳದಲ್ಲೇ ಬೇಕಾದಷ್ಟು ಇದೆ. ನನ್ನ ಮೆಚ್ಚಿನದು ನಂದಿಬಟ್ಟಲು. ಕಡುಹಸಿರು ಹೊಳೆಯುವ ಎಲೆ, ಅದರ ಮೇಲೆ ಐದೆಸಳಿನ ಬಿಳಿ ಹೂವು, ಎಸಳುಗಳು ಕಾಗದದ ಗಿರಗಿಟ್ಲೆಯಂತೆ ಒಂದೇ ಕಡೆಗೆ ವಾಲಿರುತ್ತವೆ. ಒಂದು ರೆಂಬೆ ಕಿತ್ತು ನೀರಿನ ಬಾಟಲಿಯಲ್ಲಿ ಇಟ್ಟು, ಹೂವನ್ನು ಬಿಡಿಸಬೇಡಿ, ಎಲೆಯನ್ನಷ್ಟೇ ಬಿಡಿಸಿ ಎಂದು ಹೇಳಿ ನೋಡಿ. ಪ್ರಶ್ಯನ್ ಬ್ಲೂಗೆ ಸ್ವಲ್ಪ ಬರ್ನ್ಟ್ ಸಿಯೆನ್ನಾ ಮತ್ತು ಹಳದಿ ಬೆರೆಸಿದರೆ ಆ ಎಲೆಯ ಕಪ್ಪುಹಸಿರು ಸಿಗುತ್ತದೆ. ಮಗು ಎಲೆಯ ಬಣ್ಣವನ್ನು ಎಸಳಿನ ಅಂಚಿನವರೆಗೆ ತಂದು ನಿಲ್ಲಿಸುತ್ತದೆ, ಎಸಳು ತಾನಾಗಿ ಕಾಗದದಿಂದ ಮೇಲೆದ್ದು ಬರುತ್ತದೆ. ಮೊದಲ ದಿನ ಎಸಳುಗಳು ಸೊಟ್ಟಗಿರುತ್ತವೆ, ಪರವಾಗಿಲ್ಲ. ಸೊಟ್ಟಗಾದರೂ ಅವು ಜೀವಂತ ಎಸಳುಗಳು: ಒಂದು ಕಡೆ ಅಂಚು ಚೂಪು, ಇನ್ನೊಂದು ಕಡೆ ನೀರು ತಾಗಿ ಮೆತ್ತಗೆ. ಮಾಸ್ಕಿಂಗ್ ಫ್ಲೂಯಿಡ್ ಈ ವ್ಯತ್ಯಾಸವನ್ನು ಕೊಡಲಾರದು. ಅದು ಬಿಡುವ ಅಂಚು ಸುತ್ತಲೂ ಒಂದೇ ಸಮ, ಕತ್ತರಿಯಲ್ಲಿ ಕತ್ತರಿಸಿದ ಹಾಗೆ.

ಅಂಚಿನ ವಿಚಾರಕ್ಕೆ ಬಂದರೆ ಜೋಗ ನೆನಪಾಗಲೇಬೇಕು. ಮಕ್ಕಳ ಸ್ಪರ್ಧೆಯಲ್ಲಿ ಜೋಗ ಜಲಪಾತ ಬಾರದ ವರ್ಷವಿಲ್ಲ. 253 ಮೀಟರ್ ಎತ್ತರದಿಂದ ಬೀಳುವ ನೀರಿಗೆ ಗಟ್ಟಿ ಅಂಚು ಎಲ್ಲಿದೆ? ಮೇಲೆ ಬಂಡೆಯ ತುದಿ ಬಿಡುವ ಕಡೆ ಸ್ವಲ್ಪ ಸ್ಪಷ್ಟ, ಕೆಳಗೆ ಬರುಬರುತ್ತ ಹನಿ, ಕೊನೆಗೆ ಬರೀ ಮಂಜು. ಅದರ ನಾಲ್ಕು ಕವಲುಗಳಲ್ಲಿ ರಾಜಾ ಒಂದೇ ಧಾರೆಯಾಗಿ ಇಳಿದರೆ ರಾಣಿ ಬಂಡೆಯ ಮೈಗೆ ಒರಗಿ ನೊರೆಯಾಗಿ ಹರಡುತ್ತಾಳೆ. ನಾಲ್ಕೂ ಕವಲನ್ನು ರಬ್ಬರಿನಿಂದ ಮುಚ್ಚಿ ಬಂಡೆಗೆ ಬಣ್ಣ ಬಳಿದರೆ ಕೊನೆಗೆ ಸಿಗುವುದು ನಾಲ್ಕು ಬಿಳಿ ಪಟ್ಟಿ, ನೀರಲ್ಲ. ಇದಕ್ಕೆ ಬೇಕಾದದ್ದು ಒಣ ಕುಂಚ. ಬಂಡೆಯ ಬಣ್ಣವನ್ನು ಹೆಚ್ಚು ನೀರಿಲ್ಲದೆ, ಕುಂಚವನ್ನು ಮಲಗಿಸಿ, ಮೇಲಿನಿಂದ ಕೆಳಕ್ಕೆ ಸರಕ್ಕನೆ ಎಳೆದರೆ ಕಾಗದದ ತರಿಯ ತಗ್ಗುಗಳಲ್ಲಿ ಬಿಳಿ ತಾನೇ ಉಳಿಯುತ್ತದೆ. ಬುಡದ ಮಂಜಿಗೆ, ಬಣ್ಣ ಹಸಿಯಿರುವಾಗಲೇ ಶುದ್ಧ ನೀರಿನ ಕುಂಚ ತಾಗಿಸಿದರೆ ಸಾಕು. ಕೆ. ವೆಂಕಟಪ್ಪನವರ (1886–1965) ಊಟಿ, ಕೊಡೈಕನಾಲ್ ಜಲವರ್ಣಗಳನ್ನು ನೋಡಿದವರಿಗೆ ನಾನು ಹೇಳುತ್ತಿರುವುದು ಅರ್ಥವಾಗುತ್ತದೆ. ಬೆಟ್ಟದ ಮೇಲಿನ ಮೋಡ, ಮಂಜು ಅಲ್ಲಿ ಎಲ್ಲಿ ಶುರುವಾಗುತ್ತದೆ, ಎಲ್ಲಿ ಮುಗಿಯುತ್ತದೆ ಎಂದು ಬೆರಳಿಟ್ಟು ತೋರಿಸಲಾಗದು. ಅವರು ಕಲ್ಕತ್ತೆಯಲ್ಲಿ ಅಬನೀಂದ್ರನಾಥ ಟಾಗೋರರ ಬಳಿ ಕಲಿತು ಬಂದವರು. ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ಅವರ ಹೆಸರಿನ ಕಲಾ ಗ್ಯಾಲರಿ ಇದೆ. ಶಾಲಾ ಪ್ರವಾಸ ಬೆಂಗಳೂರಿಗೆ ಬಂದಾಗ ವಿಶ್ವೇಶ್ವರಯ್ಯ ಮ್ಯೂಸಿಯಮ್ಮಿಗೆ ಮಕ್ಕಳನ್ನು ಕರೆತರುವ ನೀವು ಅದೇ ರಸ್ತೆಯಲ್ಲಿರುವ ಈ ಕಟ್ಟಡವನ್ನು ದಾಟಿ ಹೋಗಬೇಡಿ.

ಹಾಗಾದರೆ ಮಾಸ್ಕಿಂಗ್ ಫ್ಲೂಯಿಡ್ ಬೇಡವೇ ಬೇಡವೆ? ಹಾಗೆ ಹೇಳುವ ಹಿರಿಯರು ನಮ್ಮಲ್ಲಿ ಇದ್ದಾರೆ. ಅದನ್ನು ಬಳಸಿದ್ದು ಗೊತ್ತಾದರೆ ಅಂಕ ಕಳೆಯುವ ತೀರ್ಪುಗಾರರ ಪಕ್ಕದಲ್ಲಿ ನಾನು ಕೂತಿದ್ದೇನೆ. ಅವರೊಡನೆ ವಾದ ಮಾಡಿದ್ದೇನೆ, ಇಲ್ಲಿಯೂ ಮಾಡುತ್ತೇನೆ. ಇದು ಮೋಸವಲ್ಲ. ಬಿಳಿಯನ್ನು ಕಾಯ್ದುಕೊಳ್ಳಲು ಏನನ್ನಾದರೂ ಹಚ್ಚುವ ಉಪಾಯ ಜಲವರ್ಣದಷ್ಟೇ ಗೌರವದ್ದು. ಇಂಗ್ಲೆಂಡಿನ ಫ್ರಾನ್ಸಿಸ್ ನಿಕಲ್ಸನ್ (1753–1844) ಜೇನುಮೇಣದ ಮಿಶ್ರಣವನ್ನು ಬಿಳಿ ಬೇಕಾದ ಕಡೆ ಹಚ್ಚಿ, ಮೇಲೆ ವಾಶ್ ಎಳೆದು, ಆಮೇಲೆ ಮೇಣವನ್ನು ಕರಗಿಸಿ ತೆಗೆಯುತ್ತಿದ್ದರು. ಟರ್ನರ್ ಕಾಗದವನ್ನು ಕೆರೆದು ಬೆಳಕು ತೆಗೆದರು. ಜಾನ್ ಸಿಂಗರ್ ಸಾರ್ಜೆಂಟರ ಜಲವರ್ಣಗಳಲ್ಲಿ ಮೇಣದ ಗುರುತುಗಳಿವೆ. ಎರಡನೆಯ ಮಹಾಯುದ್ಧದಲ್ಲಿ ಬಾಂಬಿಗೆ ಹೆದರಿ ಲಂಡನ್ನಿನ ಸುರಂಗ ರೈಲು ನಿಲ್ದಾಣಗಳಲ್ಲಿ ಮಲಗಿದ ಜನರನ್ನು ಹೆನ್ರಿ ಮೂರ್ ಚಿತ್ರಿಸಿದ್ದು ಮೇಣದ ಕ್ರೇಯಾನ್ ಮೇಲೆ ಜಲವರ್ಣ ಹರಿಸಿಯೇ. ಇಂಥವರ ಸಾಲಿನಲ್ಲಿ ಒಂದು ಬಾಟಲಿ ರಬ್ಬರ್ ಹಾಲು ಬಂದು ಕೂತರೆ ಮಡಿ ಕೆಡುವುದಿಲ್ಲ. ಚಿತ್ರಕ್ಕೆ ಅಂಕ ಕೊಡಬೇಕಾದದ್ದು ಬಿಳಿ ಹೇಗೆ ಉಳಿಯಿತು ಎಂಬುದಕ್ಕಲ್ಲ, ಅದು ಅಲ್ಲಿರಬೇಕಾದ ಬಿಳಿಯೇ ಎಂಬುದಕ್ಕೆ.

ಹೆನ್ರಿ ಮೂರ್ ಹೆಸರು ಬಂದದ್ದರಿಂದ ಒಂದು ಮಾತು. ಮೊಂಬತ್ತಿ ನಿಮ್ಮ ಶಾಲೆಯಲ್ಲೂ ಇದೆ. ಮಳೆಯ ಗೆರೆ, ಕೆರೆಯ ನೀರಿನ ಮೇಲಿನ ಮಿನುಗು, ಹಳೆಯ ಸುಣ್ಣದ ಗೋಡೆ, ಇಂಥವಕ್ಕೆ ಮೊಂಬತ್ತಿಯ ತುಂಡನ್ನು ಕಾಗದದ ಮೇಲೆ ಉಜ್ಜಿ ವಾಶ್ ಎಳೆದರೆ ಬಣ್ಣ ಮೇಣವಿದ್ದ ಕಡೆ ನಿಲ್ಲದೆ ಜಾರುತ್ತದೆ. ಖರ್ಚಿಲ್ಲ, ವಾಸನೆಯಿಲ್ಲ, ತೆಳು ಡ್ರಾಯಿಂಗ್ ಶೀಟಿನಲ್ಲೂ ನಡೆಯುತ್ತದೆ. ಮೇಣ ಮತ್ತೆ ಕಾಗದದಿಂದ ಸುಲಭವಾಗಿ ಬರುವುದಿಲ್ಲ, ಅದರ ಮೇಲೆ ಮತ್ತೆ ಬಣ್ಣ ಕೂರುವುದೂ ಇಲ್ಲ, ಇದಿಷ್ಟನ್ನು ಮೊದಲೇ ಹೇಳಿಬಿಡಿ. ಮಾಸ್ಕಿಂಗ್ ಕಲಿಯುವ ಮೊದಲು ಮಗುವಿಗೆ ಮೊಂಬತ್ತಿಯ ಪರಿಚಯ ಆಗಲಿ.

ಈಗ ಬಾಟಲಿಯ ಒಳಗೇನಿದೆ ಎಂದು ನೋಡೋಣ. ಮಾಸ್ಕಿಂಗ್ ಫ್ಲೂಯಿಡ್ ಅಂದರೆ ಬಹುಮಟ್ಟಿಗೆ ರಬ್ಬರ್ ಹಾಲು, ನೀರು, ಹಾಲು ಹೆಪ್ಪುಗಟ್ಟದಂತೆ ತಡೆಯುವ ಅಮೋನಿಯಾ. ಹಚ್ಚಿದ್ದು ಕಾಣಲಿ ಎಂದು ಕೆಲವು ಕಂಪನಿಗಳು ಹಳದಿ, ನೀಲಿ ಛಾಯೆ ಬೆರೆಸುತ್ತವೆ. ಸುಳ್ಯ, ಪುತ್ತೂರು, ಕಡಬ, ಬೆಳ್ತಂಗಡಿ ಕಡೆಯ ಶಿಕ್ಷಕರಿಗೆ ಇದನ್ನು ವಿವರಿಸುವ ಅಗತ್ಯವೇ ಇಲ್ಲ. ನಿಮ್ಮ ತರಗತಿಯಲ್ಲೇ ರಬ್ಬರ್ ಟ್ಯಾಪಿಂಗ್ ಮಾಡುವವರ ಮಕ್ಕಳಿದ್ದಾರೆ. ಬೆಳಕು ಹರಿಯುವ ಮೊದಲು ಮರದ ತೊಗಟೆ ಕೆತ್ತಿದರೆ ಹಾಲು ಇಳಿಯುತ್ತದೆ, ಬಿಟ್ಟರೆ ಕಪ್ಪಿನಲ್ಲೇ ಗಟ್ಟಿಯಾಗುತ್ತದೆ, ಗಟ್ಟಿಯಾಗದೆ ಹಾಲಾಗಿಯೇ ಸಾಗಿಸಬೇಕಾದರೆ ಅಮೋನಿಯಾ ಹಾಕುತ್ತಾರೆ, ಶೀಟ್ ಮಾಡಬೇಕಾದರೆ ಟ್ರೇಗೆ ಆ್ಯಸಿಡ್ ಹಾಕುತ್ತಾರೆ ಎಂದು ಆ ಮಕ್ಕಳು ಹೇಳಬಲ್ಲರು. ಕಪ್ಪಿನ ಅಂಚಿಗೆ ಅಂಟಿದ ಒಟ್ಟುಪಾಲನ್ನು, ಅಂದರೆ ಒಣಗಿದ ರಬ್ಬರ್ ಚೂರನ್ನು, ಅವರು ಕಿತ್ತು ಆಡಿರುತ್ತಾರೆ. ಕಾಗದದ ಮೇಲೆ ನಡೆಯುವುದೂ ಅದೇ. ನೀರು ಆರುತ್ತದೆ, ಅಮೋನಿಯಾ ಹಾರಿಹೋಗುತ್ತದೆ, ಹಾಲಿನಲ್ಲಿ ತೇಲುತ್ತಿದ್ದ ರಬ್ಬರಿನ ಸೂಕ್ಷ್ಮ ಕಣಗಳು ಒಂದಕ್ಕೊಂದು ಅಂಟಿ ಪದರವಾಗುತ್ತವೆ. ಒಮ್ಮೆ ಪದರವಾದ ಮೇಲೆ ಎಷ್ಟು ನೀರು ಹಾಕಿದರೂ ಅದು ಮತ್ತೆ ಹಾಲಾಗುವುದಿಲ್ಲ. ಕುಂಚ ಹಾಳಾಗುವುದು, ಸಮವಸ್ತ್ರಕ್ಕೆ ತಾಗಿದರೆ ಬಿಡದಿರುವುದು, ಸಿಂಕಿಗೆ ಸುರಿದರೆ ಪೈಪು ಕಟ್ಟುವುದು ಎಲ್ಲಕ್ಕೂ ಕಾರಣ ಇದೇ.

ಇದನ್ನು ತಿಳಿದರೆ ಎರಡು ಎಚ್ಚರಿಕೆಗಳೂ ತಾವಾಗಿ ಹೊಳೆಯುತ್ತವೆ. ಅಮೋನಿಯಾ ವಾಸನೆ ಕಣ್ಣು, ಮೂಗಿಗೆ ಚುಚ್ಚುತ್ತದೆ. ಆದ್ದರಿಂದ ಕಿಟಕಿ ಬಾಗಿಲು ತೆರೆದ ಕೋಣೆಯಲ್ಲೇ ಬಾಟಲಿ ತೆಗೆಯಿರಿ. ಇನ್ನೊಂದು ಇದಕ್ಕಿಂತ ಮುಖ್ಯ. ರಬ್ಬರ್ ಹಾಲಿನ ಪ್ರೋಟೀನು ಕೆಲವರಿಗೆ ಅಲರ್ಜಿ. ಬಲೂನು ಊದಿದರೆ ತುಟಿ ಬಾತುಕೊಳ್ಳುವ, ರಬ್ಬರ್ ಗ್ಲೌಸ್ ಹಾಕಿದರೆ ಕೈ ತುರಿಸುವ ಮಕ್ಕಳಿದ್ದರೆ ಮೊದಲೇ ಕೇಳಿ ತಿಳಿದುಕೊಳ್ಳಿ. ಅಂಥ ಮಗುವಿನ ಹತ್ತಿರ ಈ ಬಾಟಲಿ ಸುಳಿಯುವುದೇ ಬೇಡ.

ಇನ್ನು ಕಾಗದದ ಮಾತಿಗೆ ಬರೋಣ. ಈ ಪತ್ರದ ತಿರುಳೇ ಇದು.

ಜಲವರ್ಣದ ಕಾಗದಕ್ಕೆ ನೀರನ್ನು ಸ್ವಲ್ಪ ಹೊತ್ತು ಮೇಲೆಯೇ ಹಿಡಿದು ನಿಲ್ಲಿಸುವ ಒಂದು ಅಂಟಿನ ಲೇಪ ಇರುತ್ತದೆ. ಸೈಜಿಂಗ್ ಎನ್ನುತ್ತೇವೆ. ಫ್ರಾನ್ಸಿನ ಆರ್ಶ್, ಇಂಗ್ಲೆಂಡಿನ ಸಾಂಡರ್ಸ್ ವಾಟರ್‌ಫರ್ಡ್‌ನಂಥ ಕಾಗದಗಳು ಹತ್ತಿಯ ನಾರಿನವು, ಅವುಗಳ ಮೇಲ್ಮೈಗೆ ಜೆಲಟಿನ್ ಲೇಪವಿದೆ. ರಬ್ಬರ್ ಆ ಲೇಪದ ಮೇಲೆ ಕೂರುತ್ತದೆ, ನಾರಿಗೆ ಇಳಿಯುವುದಿಲ್ಲ, ಆದ್ದರಿಂದ ಉಜ್ಜಿದರೆ ಬಿಟ್ಟುಬರುತ್ತದೆ. ಶಾಲೆಗಳಲ್ಲಿ ಬಳಸುವ ಡ್ರಾಯಿಂಗ್ ಶೀಟು ಮರದ ತಿರುಳಿನದ್ದು, ತೆಳು, ಲೇಪ ಇದ್ದೂ ಇಲ್ಲದಂತೆ. ಅಲ್ಲಿ ರಬ್ಬರ್ ಹಾಲು ನಾರುಗಳ ನಡುವೆ ಇಂಗಿ ಅಲ್ಲೇ ಗಟ್ಟಿಯಾಗುತ್ತದೆ. ಆಮೇಲೆ ಎಳೆದರೆ ರಬ್ಬರ್ ನಾರನ್ನೂ ಹಿಡಿದುಕೊಂಡೇ ಏಳುತ್ತದೆ. ಯಾವ ಕೈಚಳಕವೂ ಆ ಕಾಗದವನ್ನು ಉಳಿಸಲಾರದು. ಡ್ರಾಯಿಂಗ್ ಶೀಟಿನ ಮೇಲೆ ಮಾಸ್ಕಿಂಗ್ ಫ್ಲೂಯಿಡ್ ಕೂಡದು ಎಂದು ಫಲಕದಲ್ಲಿ ಬರೆದಿಟ್ಟರೂ ನನ್ನ ಆಕ್ಷೇಪವಿಲ್ಲ.

ಒಳ್ಳೆಯ ಕಾಗದವೂ ಹಳತಾಗಿ, ತೇವ ಕುಡಿದು ಲೇಪ ಕಳೆದುಕೊಂಡಿರಬಹುದು. ಕರಾವಳಿ, ಮಲೆನಾಡಿನವರಿಗೆ ಜೂನಿನಿಂದ ಸೆಪ್ಟೆಂಬರಿನವರೆಗೆ ಇದು ನಿತ್ಯದ ಕಷ್ಟ. ಕಾಗದವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಗಾದ್ರೆಜ್ ಬೀರುವಿನಲ್ಲಿಡಿ. ಚಿತ್ರ ಶುರು ಮಾಡುವ ಮೊದಲು ಅದೇ ಹಾಳೆಯ ಮೂಲೆಯಲ್ಲಿ ಒಂದು ಬೊಟ್ಟು ಫ್ಲೂಯಿಡ್ ಇಟ್ಟು, ಒಣಗಿಸಿ, ತೆಗೆದು ನೋಡಿ. ಆ ಜಾಗದ ಮೇಲೆ ತೆಳು ಬಣ್ಣ ಎಳೆಯಿರಿ. ಬಣ್ಣ ಸುತ್ತಲಿನಂತೆಯೇ ಸಮನಾಗಿ ಕೂತರೆ ಹಾಳೆ ಯೋಗ್ಯ. ಕಪ್ಪು ಕಲೆಯಾದರೆ ಆ ಹಾಳೆಯನ್ನು ಬೇರೆ ಕೆಲಸಕ್ಕೆ ಇಟ್ಟುಕೊಳ್ಳಿ. ಈ ಪರೀಕ್ಷೆಗೆ ಅರ್ಧ ಗಂಟೆ ಬೇಕು, ಮಗುವಿನ ಎರಡು ದಿನದ ಕೆಲಸ ಉಳಿಯುತ್ತದೆ.

ಕಲಬುರಗಿ, ರಾಯಚೂರು, ಬಳ್ಳಾರಿಯವರ ಕಷ್ಟ ಬೇರೆ. ಅಲ್ಲಿ ಏಪ್ರಿಲ್ ತಿಂಗಳಲ್ಲಿ ಫ್ಲೂಯಿಡ್ ಬಾಟಲಿಯ ಬಾಯಲ್ಲೇ ಕೆನೆಗಟ್ಟುತ್ತದೆ. ಬೇಗ ಒಣಗಲಿ ಎಂದು ಹಾಳೆಯನ್ನು ಬಿಸಿಲಿಗೆ ಇಡುವ ಮಕ್ಕಳನ್ನು ತಡೆಯಿರಿ. ಬಿಸಿಯಾದ ರಬ್ಬರ್ ಮೆತ್ತಗಾಗಿ ನಾರಿಗೆ ಕಚ್ಚಿಕೊಳ್ಳುತ್ತದೆ. ಹೇರ್ ಡ್ರೈಯರ್ ಕೂಡ ಇದೇ ಕೆಡುಕು ಮಾಡುತ್ತದೆ. ಫ್ಯಾನಿನ ಕೆಳಗೆ, ನೆರಳಲ್ಲಿ, ತಾನಾಗಿ ಆರಲಿ.

ಯಾವ ಚಿತ್ರಕ್ಕೆ ಇದು ನಿಜಕ್ಕೂ ಬೇಕು ಎನ್ನುವುದಕ್ಕೆ ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರನ್ನು ತೆಗೆದುಕೊಳ್ಳಿ. ಮದ್ದೂರು ತಾಲ್ಲೂಕಿನ ಆ ಊರಿನ ಹುಣಸೆಮರಗಳ ಮೇಲೆ ಬಣ್ಣದ ಕೊಕ್ಕರೆ, ಹೆಜ್ಜಾರ್ಲೆಗಳು ಗೂಡು ಕಟ್ಟುತ್ತವೆ. ಒಂದು ಮರದಲ್ಲಿ ಹತ್ತಾರು ಹಕ್ಕಿ, ಕೆಲವು ನಿಂತಿವೆ, ಕೆಲವು ರೆಕ್ಕೆ ಬಿಚ್ಚಿವೆ, ಹಿಂದೆ ಹುಣಸೆಯ ಸಣ್ಣೆಲೆಯ ಹಸಿರು ಒಂದು ಕಡೆ ಹಳದಿಗೆ, ಒಂದು ಕಡೆ ನೀಲಿಗೆ ತಿರುಗುತ್ತ ಹರಡಿದೆ. ಈ ಹಸಿರು ಸೊಗಸಾಗಿ ಬರಬೇಕಾದರೆ ವಾಶ್ ಒಂದೇ ಉಸಿರಿಗೆ, ಹಸಿಯ ಮೇಲೆ ಹಸಿಯಾಗಿ ಹರಿಯಬೇಕು. ಒಂದೊಂದು ಹಕ್ಕಿಯನ್ನೂ ಸುತ್ತುತ್ತ ಕೂತರೆ ಅಷ್ಟರಲ್ಲಿ ವಾಶ್ ಒಣಗಿ ಗೆರೆ ಬೀಳುತ್ತದೆ. ಚಿಕ್ಕದು, ಹಲವು, ಚದುರಿದ್ದು, ಸ್ಪಷ್ಟ ಅಂಚಿನದು, ಒಂದೇ ವಾಶ್‌ನ ಹಾದಿಯಲ್ಲಿ ಅಡ್ಡ ಬರುವುದು: ಬಿಳಿ ಇಂಥದಾಗಿದ್ದಾಗ ಮಾಸ್ಕಿಂಗ್ ಫ್ಲೂಯಿಡ್‌ಗೆ ಸಮನಾದದ್ದಿಲ್ಲ. ಮಲ್ಪೆ ಬಂದರಿನ ದೋಣಿಗಳ ಹಗ್ಗ, ದಸರೆಯ ರಾತ್ರಿ ಮೈಸೂರು ಅರಮನೆಯ ದೀಪದ ಸಾಲು, ಕಡುನೆರಳಿನ ಅಡಿಕೆ ತೋಟದಲ್ಲಿ ನೆಲಕ್ಕೆ ಬಿದ್ದ ಬಿಸಿಲಿನ ಚುಕ್ಕಿ, ಎಲ್ಲವೂ ಈ ಜಾತಿಯವು.

ಕೊಕ್ಕರೆ ಬೆಳ್ಳೂರಿನ ಆ ಮರವನ್ನೇ ಇಟ್ಟುಕೊಂಡು ಹತ್ತನೆಯ ತರಗತಿಯ ಮಕ್ಕಳಿಗೆ ಹೀಗೆ ಮಾಡಿ ತೋರಿಸಬಹುದು. ಪೆನ್ಸಿಲ್ ಗೆರೆ ತೆಳ್ಳಗಿರಲಿ. ರಬ್ಬರ್ ತೆಗೆಯುವಾಗ ಗೆರೆಯೂ ಅಳಿಸಿಹೋಗುವುದುಂಟು. ಹಾಳೆ ಪೂರ್ತಿ ಒಣಗಿರಲಿ. ಬಾಟಲಿಯನ್ನು ಕುಲುಕಬೇಡಿ, ಕುಲುಕಿದರೆ ಗುಳ್ಳೆ ಬರುತ್ತದೆ, ಹಚ್ಚಿದ ಮೇಲೆ ಗುಳ್ಳೆ ಒಡೆದ ಕಡೆಯಿಂದ ಬಣ್ಣ ಒಳಗೆ ನುಗ್ಗುತ್ತದೆ. ಒಂದು ಮುಚ್ಚಳದಷ್ಟನ್ನು ಸುರಿದುಕೊಂಡು ಕೂಡಲೇ ಬಾಟಲಿ ಬಿಗಿಯಾಗಿ ಮುಚ್ಚಿ, ಉಳಿದದ್ದನ್ನು ಬಾಟಲಿಗೆ ವಾಪಸು ಸುರಿಯಬೇಡಿ. ಕುಂಚ ಬೇಕಾದರೆ ಹಳೆಯ ಸಿಂಥೆಟಿಕ್ ಕುಂಚ. ಅದನ್ನು ಒದ್ದೆ ಮಾಡಿ ಬಾರ್ ಸೋಪಿನ ಮೇಲೆ ಹೊರಳಿಸಿ, ಕೂದಲಿನ ಬುಡದವರೆಗೂ ಸೋಪು ಹಿಡಿಯಲಿ, ಆಮೇಲೆ ಫ್ಲೂಯಿಡ್‌ಗೆ ಅದ್ದಿ. ನಾಲ್ಕೈದು ಹಕ್ಕಿ ಆದ ಕೂಡಲೇ ತೊಳೆದು ಮತ್ತೆ ಸೋಪು ಹಚ್ಚಿ. ಕೊಕ್ಕು, ಕಾಲಿನ ಸಣ್ಣ ಗೆರೆಗೆ ಕುಂಚಕ್ಕಿಂತ ಇಂಕಿಗೆ ಅದ್ದಿ ಬರೆಯುವ ಹೋಲ್ಡರ್ ನಿಬ್ ವಾಸಿ. ಅದರ ಮೇಲೆ ಗಟ್ಟಿಯಾದ ರಬ್ಬರನ್ನು ಉಗುರಿನಲ್ಲೇ ಎಳೆದು ತೆಗೆಯಬಹುದು. ಬಿಸಿಲಿನ ಚುಕ್ಕಿಗಳಿಗಾದರೆ ಹಳೆಯ ಹಲ್ಲುಜ್ಜುವ ಬ್ರಶ್ ಅದ್ದಿ ಬೆರಳಿನಿಂದ ಸಿಡಿಸಿದರೆ ಆಯಿತು, ಉಳಿದ ಭಾಗವನ್ನು ಪೇಪರಿನಿಂದ ಮುಚ್ಚಿಕೊಂಡಿರಬೇಕು.

ಬೆರಳ ತುದಿಗೆ ಅಂಟದಷ್ಟು ಆರಿದ ಮೇಲೆ ಧೈರ್ಯವಾಗಿ ವಾಶ್ ಎಳೆಯಲು ಹೇಳಿ. ಇಲ್ಲಿ ಅಳುಕಿ ತೆಳುಬಣ್ಣ ಬಳಿದರೆ ಇಷ್ಟೆಲ್ಲ ಮಾಡಿದ್ದು ದಂಡ. ಹಿಂದಿನ ಬಣ್ಣ ಕಡುವಾದಷ್ಟೂ ಹಕ್ಕಿ ಬೆಳಗುತ್ತದೆ. ವಾಶ್ ಒಣಗಿತು ಎಂದು ಕಂಡ ಮೇಲೂ ಕೈಯ ಹಿಂಬದಿ ತಾಗಿಸಿ ನೋಡಿಸಿ. ತಣ್ಣಗಿದ್ದರೆ ಕಾಗದದೊಳಗೆ ಇನ್ನೂ ನೀರಿದೆ, ಆಗ ಉಜ್ಜಿದರೆ ಬಣ್ಣ ಬಿಳಿಯ ಮೇಲೆ ಹರಡುತ್ತದೆ. ತೆಗೆಯುವಾಗ ಸ್ಟಿಕರ್ ಕಿತ್ತಂತೆ ಮೇಲಕ್ಕೆ ಎಳೆಯಕೂಡದು. ಅಂಚಿನಿಂದ ಒಳಕ್ಕೆ ಬೆರಳಿನಿಂದ ಉರುಳಿಸುತ್ತ ಬರಬೇಕು. ಬಂದ ರಬ್ಬರನ್ನೇ ಒಂದು ಉಂಡೆ ಮಾಡಿಕೊಂಡು ಅದರಿಂದಲೇ ಉಳಿದದ್ದನ್ನು ಒತ್ತಿ ಉರುಳಿಸಿದರೆ ಕಾಗದಕ್ಕೆ ಬೆರಳಿನ ಎಣ್ಣೆಯೂ ತಾಗುವುದಿಲ್ಲ. ಹಚ್ಚಿದ ದಿನವೇ ತೆಗೆಯುವಂತೆ ತರಗತಿಯ ವೇಳೆ ನೋಡಿಕೊಳ್ಳಿ. ಶುಕ್ರವಾರ ಹಚ್ಚಿ ಸೋಮವಾರ ತೆಗೆಯುವ ಯೋಜನೆ ಬೇಡ. ವಾರಗಟ್ಟಲೆ ಬಿಟ್ಟ ರಬ್ಬರ್ ಒಳ್ಳೆಯ ಕಾಗದದಿಂದಲೂ ಬಿಡಲೊಲ್ಲದು.

ವಿಡಿಯೊ ಇಲ್ಲಿಗೆ ಮುಗಿಯುತ್ತದೆ. ಚಿತ್ರ ಮುಗಿಯುವುದಿಲ್ಲ. ರಬ್ಬರ್ ತೆಗೆದ ಕೂಡಲೇ ಕಾಣುವ ಹಕ್ಕಿ ಹಕ್ಕಿಯಲ್ಲ, ಹಕ್ಕಿಯ ಆಕಾರದ ತೂತು. ಅದರ ಬಿಳಿ ಇಡೀ ಚಿತ್ರದಲ್ಲಿ ಬೇರೆಲ್ಲಕ್ಕಿಂತ ಜೋರಾಗಿ ಕೂಗುತ್ತಿರುತ್ತದೆ. ಅಂಚಿನಲ್ಲಿ ಬಣ್ಣ ಮಡುಗಟ್ಟಿ ಕಪ್ಪು ಗೆರೆಯಾಗಿರುತ್ತದೆ. ತೀರ್ಪುಗಾರರಾಗಿ ನಾವು ನೋಡುವ ಹೆಚ್ಚಿನ ಚಿತ್ರಗಳು ಇಲ್ಲಿಗೇ ನಿಂತಿರುತ್ತವೆ, ಮಾಸ್ಕಿಂಗ್‌ಗೆ ಕೆಟ್ಟ ಹೆಸರು ಬಂದದ್ದೂ ಇಲ್ಲಿಯೇ. ಮಗುವನ್ನು ಮತ್ತೆ ಕೂರಿಸಿ. ಬೆಳಕು ಎಡದಿಂದ ಬರುತ್ತಿದ್ದರೆ ಕೊಕ್ಕರೆಯ ಬಲಮೈಗೆ ಕೋಬಾಲ್ಟ್ ಬ್ಲೂಗೆ ಒಂದಿಷ್ಟು ಬರ್ನ್ಟ್ ಸಿಯೆನ್ನಾ ಬೆರೆಸಿದ ತೆಳು ಬೂದು ಬಳಿಯಲಿ. ಹೊಟ್ಟೆಯ ಕೆಳಗೆ ಎಲೆಯ ಹಸಿರು ಪ್ರತಿಫಲಿಸುತ್ತದೆ, ಅದರ ಛಾಯೆ ಬರಲಿ. ಸ್ವಚ್ಛ ಒದ್ದೆ ಕುಂಚದಿಂದ ಕೆಲವು ಅಂಚನ್ನು, ನೆರಳಿಗೆ ಸೇರುವ ಕಡೆಯ ಅಂಚನ್ನು, ಮೆತ್ತಗೆ ಉಜ್ಜಿ ಕರಗಿಸಲಿ. ದೂರದ ಎರಡು ಹಕ್ಕಿಗಳನ್ನು ಪೂರ್ತಿ ಬೂದಾಗಿಸಿ ಹಿಂದಕ್ಕೆ ತಳ್ಳಲಿ. ಕೊನೆಗೆ ಅಚ್ಚ ಬಿಳಿ ಉಳಿಯಬೇಕಾದದ್ದು ಎಲ್ಲೋ ಎರಡು ಬೆನ್ನು, ಒಂದು ರೆಕ್ಕೆಯ ತುದಿ, ಅಷ್ಟೇ. ಅರಮನೆಯ ದೀಪಗಳಿಗೂ ಇದೇ ಮಾತು. ಬಿಳಿ ಚುಕ್ಕಿ ದೀಪವಲ್ಲ, ಅದರ ಮೇಲೆ ತೆಳು ಹಳದಿ ಹರಿದು ಸುತ್ತಲಿನ ಕತ್ತಲಿಗೆ ಸ್ವಲ್ಪ ಸೋರಿದಾಗಲೇ ದೀಪ ಹತ್ತುವುದು.

ಈ ಕೊನೆಯ ಹಂತಕ್ಕೆ ನಂದಿಬಟ್ಟಲಿನ ಅಭ್ಯಾಸ ಬೇಕೇಬೇಕು. ಯಾವ ಅಂಚು ಚೂಪು, ಯಾವುದು ಮೆತ್ತಗೆ ಎಂದು ಕಣ್ಣಿಗೆ ಗೊತ್ತಿಲ್ಲದ ಮಗುವಿಗೆ ರಬ್ಬರ್ ಬಿಟ್ಟ ಗಟ್ಟಿ ಅಂಚನ್ನು ಎಲ್ಲಿ ಕರಗಿಸಬೇಕು ಎಂದು ತಿಳಿಯುವುದಾದರೂ ಹೇಗೆ? ಬಿಳಿ ಬಿಡುವುದನ್ನು ಮೊದಲು ಕಲಿಸಿ ಎಂದು ನಾನು ಹಟ ಹಿಡಿದಿರುವುದು ಇದೇ ಕಾರಣಕ್ಕೆ. ಅದು ಬಂದ ಮಕ್ಕಳು ಬಾಟಲಿಯನ್ನು ಕಡಿಮೆ ಬಳಸುತ್ತಾರೆ, ಬಳಸಿದಾಗ ಚೆನ್ನಾಗಿ ಬಳಸುತ್ತಾರೆ.

ನಿಮ್ಮ ಸ್ಥಿತಿ ನನಗೆ ತಿಳಿಯದ್ದಲ್ಲ. ಚಿತ್ರಕಲಾ ಶಿಕ್ಷಕರೇ ಇಲ್ಲದ ಶಾಲೆಗಳು ಎಷ್ಟೋ ಇವೆ. ಇದ್ದ ಕಡೆ ನಿಮಗೆ ವಾರಕ್ಕೆ ಸಿಗುವ ಪಿರಿಯಡ್ಡುಗಳು ಬೆರಳೆಣಿಕೆಯಷ್ಟು, ಅವೂ ಪರೀಕ್ಷೆ ಹತ್ತಿರ ಬಂದರೆ ಗಣಿತ, ವಿಜ್ಞಾನಕ್ಕೆ ಹೋಗುತ್ತವೆ. ಚಿತ್ರಕಲೆಯ ಲೋಯರ್, ಹೈಯರ್ ಗ್ರೇಡ್ ಪರೀಕ್ಷೆಗಳಿಗೆ ಮಕ್ಕಳನ್ನು ಶಾಲೆ ಬಿಟ್ಟ ಮೇಲೆ ಕೂರಿಸಿ ತಯಾರು ಮಾಡುವವರು ನೀವೇ. ಇಷ್ಟರ ನಡುವೆ ಹೊಸ ಹೊರೆ ಹೊರಿಸಲು ಈ ಪತ್ರ ಬರೆದಿಲ್ಲ. ಸಾಮಗ್ರಿಗೆ ಸಿಗುವ ಚೂರುಪಾರು ಹಣ ಸರಿಯಾದ ಕಡೆ ಹೋಗಲಿ ಎಂಬುದೇ ನನ್ನ ಆಸೆ.

ಅದಕ್ಕೆ ಲೆಕ್ಕ ಸರಳ. ಒಂದು ತರಗತಿಗೆ ಒಂದು ಸಣ್ಣ ಬಾಟಲಿ ಸಾಕು, ಅದು ನಿಮ್ಮ ಮೇಜಿನಲ್ಲಿ, ನಿಮ್ಮ ಕೈಯಲ್ಲೇ ಇರಲಿ. ತೆರೆದು ಬಹಳ ಕಾಲವಾಗಿ ಎಳೆ ಎಳೆಯಾಗಿ ಬರತೊಡಗಿದರೆ ಎಸೆಯಿರಿ. ಉಳಿದ ಹಣಕ್ಕೆ 300 ಜಿಎಸ್‌ಎಂ ಹತ್ತಿ ಕಾಗದದ ಪೂರ್ಣ ಹಾಳೆ ತರಿಸಿ. 22 ಇಂಚು ಅಗಲ, 30 ಇಂಚು ಉದ್ದದ ಒಂದು ಹಾಳೆಯನ್ನು ಎಂಟು ಭಾಗ ಮಾಡಿದರೆ ಏಳೂವರೆಗೆ ಹನ್ನೊಂದು ಇಂಚಿನ ಎಂಟು ತುಂಡು ಸಿಗುತ್ತವೆ. ನಾಲ್ಕು ಹಾಳೆ ತಂದರೆ ಮೂವತ್ತೆರಡು ಮಕ್ಕಳು ಒಮ್ಮೆಯಾದರೂ ನಿಜವಾದ ಜಲವರ್ಣ ಕಾಗದದ ಮೇಲೆ ಕುಂಚ ಆಡಿಸಬಹುದು. ಮುಂದಿನ ಶೈಕ್ಷಣಿಕ ವರ್ಷದ ಪಟ್ಟಿ ಬರೆಯುವಾಗ ದಯವಿಟ್ಟು ಬಾಟಲಿಗಿಂತ ಮೊದಲು ಕಾಗದವನ್ನು ಬರೆಯಿರಿ.

ಇತಿ ನಿಮ್ಮ ವಿಶ್ವಾಸಿ,
ಒಬ್ಬ ಜಲವರ್ಣ ಚಿತ್ರಕಾರ